ಹತ್ತು ದಿನದ ಸೊಪ್ಪಿಗೆ ವರ್ಷಗಟ್ಟಲೆ ಸಾಲ ಬೇಡ

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ, ಮದ್ರಸ ಬಿಡುವ ಹೊತ್ತಿಗೆ, ಹರಿಹರದ ಒಬ್ಬ ತಾಯಿ ಬಾಗಿಲ ಬಳಿ ಬಂದು ನಿಂತರು. ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆಸಿದ ನಮ್ಮದೇ ಬ್ಯಾರಿ ಕುಟುಂಬ. ಗಂಡ ಬೇಕರಿಯಲ್ಲಿ ಕೆಲಸಕ್ಕಿದ್ದಾರೆ. ಇಬ್ಬರು ಮಕ್ಕಳು ನಮ್ಮಲ್ಲಿ ಓದುತ್ತಾರೆ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬೆರಳುದ್ದದ ಎಳೆ ಹಸಿರು ಸೊಪ್ಪು.

"ಉಸ್ತಾದರೇ, ಇದನ್ನ ನೀವೇ ಇಟ್ಕೊಳ್ಳಿ. ಮನೇಲಿ ಇನ್ನೂ ಇಪ್ಪತ್ತು ಡಬ್ಬಿ ಇದೆ. ಬೆಳೆಯೋದು ಬೆಳೀತು, ತಗೊಳ್ಳೋರೇ ಇಲ್ಲ" ಎಂದರು. ಮಕ್ಕಳ ಫೀಸಿಗೆ ಎರಡು ತಿಂಗಳು ತಡೆಯಬಹುದಾ ಎಂದು ಕೇಳಲು ಬಂದಿದ್ದರು.

ಆಮೇಲೆ ವಿಷಯ ಬಿಚ್ಚಿಕೊಂಡಿತು. ಮಣ್ಣಿಲ್ಲದೆ, ಮನೆಯಲ್ಲೇ ಕುಳಿತು, ನೀರಿನಲ್ಲಿ ಮೈಕ್ರೋಗ್ರೀನ್ಸ್ ಬೆಳೆಸಿ ತಿಂಗಳಿಗೆ 50 ಸಾವಿರ ದುಡಿಯಿರಿ ಎಂದು ಮೊಬೈಲಿನಲ್ಲಿ ಒಂದು ಜಾಹೀರಾತು ಬಂದಿತ್ತು. ಕಬ್ಬಿಣದ ಸ್ಟ್ಯಾಂಡ್, ಟ್ರೇಗಳು, ಪಂಪು, ಬಣ್ಣದ ದೀಪ, ಬೀಜ, ಒಂದು ದಿನದ ಆನ್‌ಲೈನ್ ತರಬೇತಿ, ಎಲ್ಲ ಸೇರಿ 42 ಸಾವಿರ. ಬೆಳೆದದ್ದನ್ನು ನಾವೇ ಕೊಳ್ಳುತ್ತೇವೆ ಎಂಬ ಮಾತು ಬೇರೆ. ಆ ತಾಯಿ ಎರಡು ಬಳೆ ಅಡವಿಟ್ಟು ಹಣ ಕಟ್ಟಿದ್ದರು. ಮೊದಲ ಬೆಳೆ ಕೊಂಡುಕೊಂಡರು. ಎರಡನೆಯದಕ್ಕೆ ಒದ್ದೆಯಾಗಿದೆ ಎಂದು ತಕರಾರು ತೆಗೆದರು. ಮೂರನೆಯದಕ್ಕೆ ಫೋನೇ ಎತ್ತಲಿಲ್ಲ. ಬಡ್ಡಿ ಮಾತ್ರ ತಪ್ಪದೆ ಏರುತ್ತಿತ್ತು.

ಇದು ಶುದ್ಧ ಮೋಸವಾ, ಇಲ್ಲಾ ಸರಿಯಾಗಿ ಮಾಡಿದರೆ ನಡೆಯುವ ಕೆಲಸವಾ? ಗೊತ್ತಿಲ್ಲದೆ ಬುದ್ಧಿ ಹೇಳುವುದು ಸರಿಯಲ್ಲ ಅನ್ನಿಸಿತು. ದಾವಣಗೆರೆಯ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿ ಬಳಿ ಎರಡು ಟ್ರೇ ಇಟ್ಟೆವು. ಮನೆಯವರು ನೀರು ನೋಡಿಕೊಂಡರು, ಲೆಕ್ಕ ನಾವು ಬರೆದೆವು. ಹತ್ತು ತಿಂಗಳಾದ ಮೇಲೆ ಹೇಳುವುದಿಷ್ಟು: ಸೊಪ್ಪು ಬೆಳೆಯುವುದು ಸುಳ್ಳಲ್ಲ, 50 ಸಾವಿರದ ಮಾತು ಸುಳ್ಳು. ಟ್ರೇಯಲ್ಲಿ ಸೊಪ್ಪು ಹತ್ತು ದಿನಕ್ಕೆ ಬೆಳೆಯುತ್ತದೆ. ಗಿರಾಕಿಯನ್ನು ಬೆಳೆಸಲು ತಿಂಗಳುಗಳು ಬೇಕು.

ಇದೇನು ಹೊಸ ಮಾಯೆ ಅಲ್ಲ

ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ನಮ್ಮ ಉಮ್ಮಂದಿರಿಗೆ ಗೊತ್ತಿದ್ದ ಕೆಲಸ. ಆ ಮೊಳಕೆಯನ್ನು ಇನ್ನೂ ಒಂದು ವಾರ ಬೆಳಕಿಗಿಟ್ಟು, ಮೊದಲ ಎರಡು ಎಲೆ ಹಸಿರಾಗಿ ಬಿಚ್ಚಿಕೊಂಡಾಗ ಬುಡದ ಮೇಲಕ್ಕೆ ಕತ್ತರಿಸಿದರೆ ಅದೇ ಮೈಕ್ರೋಗ್ರೀನ್ಸ್. ಮೊಳಕೆಯನ್ನು ಬೇರು, ಬೀಜ ಸಮೇತ ತಿನ್ನುತ್ತೇವೆ. ಇದರಲ್ಲಿ ಕಾಂಡ ಮತ್ತು ಎಲೆ ಮಾತ್ರ. ವ್ಯತ್ಯಾಸ ಅಷ್ಟೇ.

ಮಣ್ಣಿಲ್ಲದೆ ನೀರಿನಲ್ಲಿ ಬೆಳೆಯುವುದೂ ಹಳೆಯದೇ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಎಂಬವರು ಇದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರು ಬಳಕೆಗೆ ತಂದರು. ನಮ್ಮ ದೇಶದಲ್ಲಿ 1946ರಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಾಸ್ ಇದರ ಪ್ರಯೋಗಕ್ಕಿಳಿದರು. ದುಬಾರಿ ಯಂತ್ರವಿಲ್ಲದೆ, ಕೈಗೆ ಸಿಗುವ ವಸ್ತುಗಳಲ್ಲಿ ಸಾಮಾನ್ಯ ಜನರೂ ಬೆಳೆಯಬೇಕು ಎಂಬುದು ಅವರ ಆಸೆಯಾಗಿತ್ತು. ಇವತ್ತು 42 ಸಾವಿರದ ಕಿಟ್ ಮಾರುವವರು ಇದನ್ನು ಹೇಳುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಪಕ್ಕದ ಧಾರವಾಡದ್ದು. 2025ರ ಜೂನ್ ಕೊನೆಗೆ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋದರಲ್ಲ, ಅವರ ಜೊತೆ ಮೆಂತ್ಯ ಮತ್ತು ಹೆಸರುಕಾಳು ಕೂಡ ಹೋಗಿದ್ದವು. ಅಲ್ಲಿ ಅವುಗಳಿಗೆ ನೀರುಣಿಸಿ ಮೊಳಕೆ ಬರಿಸಿದರು. ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳದ್ದು. ನಮ್ಮ ಅಡುಗೆಮನೆಯ ಮೆಂತ್ಯ ಆಕಾಶದಲ್ಲೂ ಮೊಳೆಯಿತು ಎಂದಾಗ ಮದ್ರಸದ ಮಕ್ಕಳು ಬಾಯಿ ಬಿಟ್ಟು ಕೇಳಿದರು. ಆಕಾಶದಲ್ಲೇ ಮೊಳೆಯುವ ಬೀಜ ಹರಿಹರದ ಮನೆಯಲ್ಲಿ ಮೊಳೆಯುವುದು ದೊಡ್ಡ ಗುಟ್ಟೇನಲ್ಲ. ಅದಕ್ಕೆ ತರಬೇತಿ ಶುಲ್ಕ ಸಾವಿರಗಟ್ಟಲೆ ಕೊಡಬೇಕಿಲ್ಲ.

ಮಾಡುವುದು ಹೇಗೆ?

ಎರಡು ಟ್ರೇ ಸಾಕು. ಒಂದಕ್ಕೆ ಅಡಿಯಲ್ಲಿ ತೂತು ಇರಬೇಕು, ಇನ್ನೊಂದಕ್ಕೆ ಇರಬಾರದು. ತೂತಿನ ಟ್ರೇಯನ್ನು ಇನ್ನೊಂದರೊಳಗೆ ಇಡಬೇಕು. ತೂತಿನ ಟ್ರೇಯಲ್ಲಿ ಸೆಣಬಿನ ಬಟ್ಟೆ ಅಥವಾ ತೆಳುವಾಗಿ ಹರಡಿದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದನ್ನು ಚೆನ್ನಾಗಿ ನೆನೆಸಿ, ಮೇಲೆ ಬೀಜವನ್ನು ಒಂದರ ಮೇಲೊಂದು ಬೀಳದಂತೆ ಹರಡಬೇಕು. ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದದ ಟ್ರೇಗೆ ಸಾಸಿವೆ 15ರಿಂದ 20 ಗ್ರಾಂ, ಮೂಲಂಗಿ ಬೀಜ 30ರಿಂದ 35 ಗ್ರಾಂ ಹಿಡಿಯುತ್ತದೆ. ಮೆಂತ್ಯವನ್ನು ಒಂದು ರಾತ್ರಿ ನೆನೆಸಿ ಹಾಕಿದರೆ ಒಳ್ಳೆಯದು, ಸಾಸಿವೆಗೆ ನೆನೆಸುವುದು ಬೇಡ.

ನೀರು ಚಿಮುಕಿಸಿ, ಮೇಲೆ ಇನ್ನೊಂದು ಟ್ರೇ ಮುಚ್ಚಿ, ಒಂದು ಇಟ್ಟಿಗೆಯ ಭಾರ ಇಡಬೇಕು. ಎರಡು ಮೂರು ದಿನ ಕತ್ತಲೆ. ಭಾರವನ್ನು ಎತ್ತಿಕೊಂಡೇ ಮೊಳಕೆ ಮೇಲೆ ಬರುತ್ತದೆ, ಬೇರು ಗಟ್ಟಿಯಾಗುತ್ತದೆ. ಆಮೇಲೆ ಮುಚ್ಚಳ ತೆಗೆದು ಕಿಟಕಿ ಬೆಳಕಿಗೆ ಇಡುವುದು. ನೇರ ಬಿಸಿಲು ಬೇಡ. ಇಲ್ಲಿಂದ ಮುಂದೆ ಎಲೆಯ ಮೇಲೆ ನೀರು ಹಾಕಬಾರದು, ಕೆಳಗಿನ ಟ್ರೇಗೆ ಸ್ವಲ್ಪ ಸುರಿದರೆ ಬೇರು ತಾನೇ ಎಳೆದುಕೊಳ್ಳುತ್ತದೆ. ಸಾಸಿವೆ, ಮೂಲಂಗಿ ಏಳೆಂಟು ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮೆಂತ್ಯಕ್ಕೆ ಹತ್ತು ದಿನದ ಒಳಗೆ. ಕೊತ್ತಂಬರಿ ನಿಧಾನ, ಎರಡು ವಾರ ದಾಟುತ್ತದೆ.

ಇಷ್ಟು ಚಿಕ್ಕ ಗಿಡಕ್ಕೆ ಬೇಕಾದ ಆಹಾರ ಬೀಜದೊಳಗೇ ಇರುತ್ತದೆ. ಆ ತಾಯಿಯ ಕಿಟ್ಟಿನಲ್ಲಿ ಬಂದಿದ್ದ ಪೋಷಕಾಂಶದ ಬಾಟಲಿಗಳನ್ನು ತೆರೆಯುವ ಅಗತ್ಯವೇ ಇರಲಿಲ್ಲ. ಪಂಪೂ ಬೇಡ, ಕಿಟಕಿ ಇರುವ ಮನೆಗೆ ಬಣ್ಣದ ದೀಪವೂ ಬೇಡ. ಎರಡು ಜೊತೆ ಟ್ರೇ, ಸ್ಪ್ರೇ ಬಾಟಲ್, ಕೋಕೋಪೀಟಿನ ಒಂದು ಇಟ್ಟಿಗೆ, ಬೀಜ, ಒಂದು ಚಿಕ್ಕ ತಕ್ಕಡಿ, ಎಲ್ಲ ಸೇರಿ ನಮಗೆ ತಗುಲಿದ್ದು ಸಾವಿರ ರೂಪಾಯಿಯೊಳಗೆ.

ಆದರೆ ಎಡವಿದ್ದೂ ಇದೆ. ಮೊದಲ ಟ್ರೇಯಲ್ಲಿ ಬೇರಿನ ಸುತ್ತ ಬಿಳಿ ನೂಲು ಕಂಡು ಬೂಸ್ಟ್ ಬಂತು ಎಂದು ಎಸೆದೆವು. ಅದು ಬೂಸ್ಟ್ ಅಲ್ಲ, ಬೇರಿನ ಕೂದಲು. ನೀರು ಚಿಮುಕಿಸಿದರೆ ಬೇರಿನ ಕೂದಲು ಅಂಟಿಕೊಂಡು ಕಾಣದಾಗುತ್ತದೆ. ಬೂಸ್ಟ್ ಆದರೆ ಹಾಗೇ ಉಳಿದು ಕೆಟ್ಟ ವಾಸನೆ ಬರುತ್ತದೆ. ಕೊಳವೆಬಾವಿಯ ಗಡಸು ನೀರಿಗೆ ಎಲೆಯ ತುದಿ ಕಂದಿತು, ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸಿದ ಮೇಲೆ ಸರಿಯಾಯಿತು. ಏಪ್ರಿಲಿನ ದಾವಣಗೆರೆ ಬಿಸಿಲು ಗೊತ್ತಲ್ಲ, ತಗಡಿನ ಮಾಡಿನ ಕೋಣೆಯಲ್ಲಿ ಇಟ್ಟದ್ದೆಲ್ಲ ಕೊಳೆತುಹೋಯಿತು. ಬೇಸಿಗೆಯಲ್ಲಿ ಮನೆಯ ಅತ್ಯಂತ ತಂಪು ಮೂಲೆ ಹುಡುಕಬೇಕು, ಇಲ್ಲಾ ಎರಡು ತಿಂಗಳು ನಿಲ್ಲಿಸಬೇಕು. ಜಾಹೀರಾತಿನ ಲೆಕ್ಕದಲ್ಲಿ ಈ ಎರಡು ತಿಂಗಳೂ ದುಡಿಮೆಯ ತಿಂಗಳೇ.

ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಕೆಲವಕ್ಕೆ ಗುಲಾಬಿ, ಹಸಿರು ಬಣ್ಣವೂ ಇರುತ್ತದೆ. ಅದನ್ನು ಇದಕ್ಕೆ ಬಳಸಲೇಬಾರದು. ಟೊಮೆಟೊ, ಬದನೆ, ಮೆಣಸಿನ ಎಳೆ ಗಿಡ ತಿನ್ನಲು ಯೋಗ್ಯವಲ್ಲ.

ಮಂಡಕ್ಕಿ ಮತ್ತು ಮೈಕ್ರೋಗ್ರೀನ್ಸ್

ದಾವಣಗೆರೆಯಲ್ಲಿ ಮನೆಮಂದಿಯೆಲ್ಲ ಸೇರಿ ದುಡಿಯುವ ಕಸುಬು ಹೊಸದಲ್ಲ. ಮಂಡಕ್ಕಿ ಭಟ್ಟಿಗಳಲ್ಲಿ ಎಷ್ಟೋ ಮುಸ್ಲಿಂ ಕುಟುಂಬಗಳ ಬೆವರು ಹರಿದಿದೆ. ಕಾದ ಮರಳಿನ ಮುಂದೆ ನಿಂತು ಅಕ್ಕಿ ಅರಳಿಸುವುದು ಸುಲಭದ ಕೆಲಸವಲ್ಲ, ಹೊಗೆ ಕುಡಿದೇ ದುಡಿಯಬೇಕು. ಆದರೂ ಆ ಕಸುಬು ನಿಂತಿದೆ. ಯಾಕೆ? ಮಂಡಕ್ಕಿಗೆ ಗಿರಾಕಿ ಹುಡುಕಬೇಕಿಲ್ಲ. ಸಂಜೆಯಾದರೆ ಈ ಊರಿಗೆ ಮಂಡಕ್ಕಿ, ಮೆಣಸಿನಕಾಯಿ ಬೇಕೇ ಬೇಕು. ಮೈಕ್ರೋಗ್ರೀನ್ಸ್ ಹಾಗಲ್ಲ. ಬೆಳೆಯುವುದು ಸುಲಭ, ಕೇಳುವವರು ಕಡಿಮೆ.

ಇದು ನಮಗೆ ಗೊತ್ತಾದದ್ದು ಒಂದು ಬೆಣ್ಣೆದೋಸೆ ಹೋಟೆಲಿನಲ್ಲಿ. ಡಬ್ಬಿ ತೆರೆದು ತೋರಿಸಿದೆವು. ಮಾಲಕರು ನಕ್ಕರು. "ಏನ್ ಹಜರತ್, ಹುಲ್ಲು ಮಾರಾಕ್ ಬಂದೀರಾ? ದೋಸೆ ಮ್ಯಾಲೆ ಬೆಣ್ಣೆ ಕಮ್ಮಿ ಆದ್ರೆ ಗಿರಾಕಿ ಜಗಳ ಮಾಡ್ತಾನ, ಹುಲ್ಲು ಹಾಕಿದ್ರೆ ಎದ್ದೇ ಹೋಗ್ತಾನ" ಎಂದರು. ಅವರು ಹೇಳಿದ್ದು ನಿಜವೇ. ರಂಝಾನಿನಲ್ಲಿ ಇಫ್ತಾರಿನ ಗಂಜಿಯ ಮೇಲೆ ಮೆಂತ್ಯದ ಎಳೆ ಸೊಪ್ಪು ಉದುರಿಸಿ ನೋಡಿದೆವು. ಮಕ್ಕಳು ತಿಂದರು, ಹಿರಿಯರು ಮೆಲ್ಲನೆ ಬದಿಗೆ ಸರಿಸಿದರು.

ಹಾಗಾದರೆ ಕೊಂಡವರು ಯಾರು? ಬೆಳಿಗ್ಗೆ ವಾಕಿಂಗ್ ಹೋಗುವವರು, ಜಿಮ್‌ಗೆ ಹೋಗುವ ಹುಡುಗರು, ಮೆಡಿಕಲ್ ಕಾಲೇಜಿನ ಕಡೆಯ ಕೆಲವು ಮನೆಗಳವರು, ಸಲಾಡ್ ಇಡುವ ಒಂದೆರಡು ದೊಡ್ಡ ಹೋಟೆಲಿನವರು. ಹರಿಹರದಲ್ಲಿ ಇಂಥ ಗಿರಾಕಿ ಇನ್ನೂ ಕಡಿಮೆ. ಹಾಗಾಗಿ ಹರಿಹರದಲ್ಲಿ ಬೆಳೆದದ್ದು ಬಸ್ಸಿನಲ್ಲಿ ದಾವಣಗೆರೆಗೆ ಬರಬೇಕು. ಹತ್ತಿರದ ಊರೇ ಆದರೂ ಬಸ್ಸಿನ ಖರ್ಚು, ಆಟೋ ಖರ್ಚು ಸಣ್ಣ ವ್ಯಾಪಾರದ ಲಾಭವನ್ನು ತಿನ್ನುತ್ತದೆ.

ಲೆಕ್ಕ ಪುಸ್ತಕ ಏನು ಹೇಳುತ್ತದೆ?

ಈಗ ಆ ತಾಯಿಯ ಮನೆಯ ಲೆಕ್ಕ ಇಲ್ಲಿಡುತ್ತೇವೆ, ಅವರ ಒಪ್ಪಿಗೆ ಪಡೆದೇ. ವಾರಕ್ಕೆ 6 ಟ್ರೇ. ಟ್ರೇಗೆ ಸರಾಸರಿ 200 ಗ್ರಾಂ ಸೊಪ್ಪು, 50 ಗ್ರಾಮಿನ 4 ಡಬ್ಬಿ. ಒಟ್ಟು 24 ಡಬ್ಬಿ. ಡಬ್ಬಿಗೆ 40 ರೂಪಾಯಿ. ಬೀಜಕ್ಕೆ 90, ಕೋಕೋಪೀಟಿಗೆ 60, ಡಬ್ಬಿ ಮತ್ತು ಚೀಟಿಗೆ 96, ಓಡಾಟಕ್ಕೆ 80, ಒಟ್ಟು ಖರ್ಚು 326 ರೂಪಾಯಿ. ಮಾರಾಟವಾಗುವುದು 17 ಡಬ್ಬಿ, ಬರುವುದು 680. ಕೈಯಲ್ಲಿ ಉಳಿಯುವುದು 354. ನಾಲ್ಕು ವಾರಕ್ಕೆ 1,416 ರೂಪಾಯಿ. ಉಳಿದ ಡಬ್ಬಿಗಳು ಮನೆಯ ಪಲ್ಯಕ್ಕೆ, ನೆರೆಮನೆಗೆ.

ಈಗ ಜಾಹೀರಾತಿನ ಲೆಕ್ಕ ನೋಡಿ. 24 ಡಬ್ಬಿಯೂ ಮಾರಾಟವಾದರೆ ಡಬ್ಬಿಗೆ 26 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 50 ಸಾವಿರ ಬೇಕೆಂದರೆ 1,900ಕ್ಕೂ ಹೆಚ್ಚು ಡಬ್ಬಿ ಮಾರಬೇಕು, ಅಂದರೆ ದಿನಕ್ಕೆ 64. ಒಂದೂ ಕೊಳೆಯಬಾರದು, ಒಂದು ದಿನವೂ ತಪ್ಪಬಾರದು. ಒಬ್ಬ ತಾಯಿಗೆ ಈ ಊರಿನಲ್ಲಿ ದಿನಾ 64 ಗಿರಾಕಿ ಎಲ್ಲಿಂದ ಬರಬೇಕು? ಇನ್ನೊಂದು ಲೆಕ್ಕ: ತಿಂಗಳಿಗೆ 1,416ರಂತೆ ಆ 42 ಸಾವಿರ ಹಿಂದಕ್ಕೆ ಬರಲು ಎರಡೂವರೆ ವರ್ಷ ಹಿಡಿಯುತ್ತದೆ. ಬಡ್ಡಿ ಬೇರೆ. ಅದೇ ಕೆಲಸವನ್ನು ಸಾವಿರ ರೂಪಾಯಿಯಲ್ಲಿ ಶುರು ಮಾಡಿದ್ದರೆ ಮೊದಲ ತಿಂಗಳೇ ಅಸಲು ಬರುತ್ತಿತ್ತು.

1,400 ರೂಪಾಯಿ ಸಣ್ಣದು ಎನ್ನಬೇಡಿ. ಮನೆ ಬಿಟ್ಟು ಹೋಗಲಾಗದ ಹೆಣ್ಣುಮಗಳಿಗೆ ಅದು ಗ್ಯಾಸ್ ಸಿಲಿಂಡರ್, ಅದು ಮಕ್ಕಳ ಪುಸ್ತಕ. ಆದರೆ 1,400ನ್ನು 50 ಸಾವಿರ ಎಂದು ನಂಬಿ ಬಳೆ ಅಡವಿಡುವುದು ಬೇರೆ.

ಮೊದಲು ಗಿರಾಕಿ, ಆಮೇಲೆ ಬೀಜ

ಈ ವ್ಯಾಪಾರ ಹಾದಿಗೆ ಬಂದದ್ದು ಒಂದು ಬದಲಾವಣೆಯಿಂದ. ಮೊದಲು ಬೆಳೆದು ಆಮೇಲೆ ಗಿರಾಕಿ ಹುಡುಕುತ್ತಿದ್ದೆವು. ಕೊಯ್ದ ಸೊಪ್ಪು ಫ್ರಿಜ್ಜಿನಲ್ಲಿಟ್ಟರೂ ಐದಾರು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಈಗ ಮೊದಲು ಆರ್ಡರ್, ಆಮೇಲೆ ಬಿತ್ತನೆ. ತಿಂಗಳ ಗಿರಾಕಿಗಳು 14 ಮನೆಗಳವರು ಹಣ ಮುಂಚೆ ಕೊಡುತ್ತಾರೆ, ವಾರಕ್ಕೊಂದು ಡಬ್ಬಿ ಮನೆಗೆ ಹೋಗುತ್ತದೆ. ಬಾಕಿ ಮೂರು ಡಬ್ಬಿ ಬಿಡಿಯಾಗಿ ಹೋಗುತ್ತವೆ.

ಕೈಯಲ್ಲಿ ಇಲ್ಲದ ವಸ್ತುವಿಗೆ ಮುಂಗಡ ಪಡೆಯುವುದು ಸರಿಯಾ ಎಂದು ಆ ತಾಯಿ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಪ್ರವಾದಿ (ಸ) ಮದೀನಾಕ್ಕೆ ಬಂದಾಗ ಅಲ್ಲಿಯವರು ಹಣ್ಣಿನ ಬೆಳೆಗೆ ವರ್ಷ, ಎರಡು ವರ್ಷ ಮುಂಚೆಯೇ ಹಣ ಕೊಡುವ ರೂಢಿ ಇಟ್ಟುಕೊಂಡಿದ್ದರು. ಪ್ರವಾದಿಯವರು ಅದನ್ನು ಹರಾಂ ಎನ್ನಲಿಲ್ಲ. ಅಳತೆ, ತೂಕ, ಕೊಡುವ ಅವಧಿ ಮೂರೂ ಸ್ಪಷ್ಟವಾಗಿರಲಿ ಎಂದು ಕಟ್ಟುಪಾಡು ಹಾಕಿದರು. ಫಿಕ್‌ಹ್‌ನಲ್ಲಿ ಇದಕ್ಕೆ ಸಲಮ್ ಎನ್ನುತ್ತಾರೆ. ಆದ್ದರಿಂದ ಯಾವ ಸೊಪ್ಪು, ಎಷ್ಟು ಗ್ರಾಂ, ಯಾವ ದಿನ ಎಂದು ಚೀಟಿಯಲ್ಲಿ ಬರೆದು, ಹಣ ಪೂರ್ತಿ ಪಡೆದು ಒಪ್ಪಿಕೊಳ್ಳಿ. ಮಾತಿನ ದಿನ ತಪ್ಪಿದರೆ ಹಣ ಹಿಂದೆ ಕೊಡಿ. ಕಿಟ್ ಮಾರಿದವರು ಹೀಗೆ ಬರೆದು ಕೊಟ್ಟಿದ್ದರೆ ಈ ತಾಯಿ ಇವತ್ತು ಅಳುತ್ತಿರಲಿಲ್ಲ.

ಒದ್ದೆ ಧಾನ್ಯದ ಪಾಠ

ಪ್ರವಾದಿ (ಸ) ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದ ಸಂಗತಿ ಮದ್ರಸದ ಚಿಕ್ಕ ಮಕ್ಕಳಿಗೂ ಗೊತ್ತು. ಮೇಲೆ ಒಣಗಿತ್ತು, ಒಳಗೆ ಒದ್ದೆಯಿತ್ತು. ಒದ್ದೆಯನ್ನು ಜನರಿಗೆ ಕಾಣುವಂತೆ ಯಾಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದರು, ಮೋಸ ಮಾಡುವವನಿಗೂ ತಮಗೂ ಸಂಬಂಧವಿಲ್ಲ ಎಂದರು. ಸೊಪ್ಪಿನ ಡಬ್ಬಿಗೆ ಇದು ನೇರ ಅನ್ವಯಿಸುತ್ತದೆ. ಮೇಲೆ ಹಸಿರು, ಅಡಿಯಲ್ಲಿ ಕೊಳೆತ ಕಾಂಡ ಇಟ್ಟರೆ ಮೊದಲ ಸಲ ಗಿರಾಕಿಗೆ ಗೊತ್ತಾಗದಿರಬಹುದು. ಕೊಯ್ಲಿಗೆ ಮುಂಚಿನ ರಾತ್ರಿ ನೀರು ನಿಲ್ಲಿಸಿ, ಒಣಗಿದ ಎಲೆಯನ್ನೇ ಶುಚಿಯಾದ ಕತ್ತರಿಯಿಂದ ಕತ್ತರಿಸಿ, ಕೊಯ್ದ ದಿನವನ್ನು ಡಬ್ಬಿ ಮೇಲೆ ಬರೆಯಿರಿ.

ಶುಚಿ ಎನ್ನುವುದು ಬರೀ ಮಾತಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ತಿಂದು ಸಾವಿರಾರು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಇ. ಕೊಲಿ ಎಂಬ ಬ್ಯಾಕ್ಟೀರಿಯ ಬಂದ ಜಾಡು ಹಿಡಿದಾಗ ಸಿಕ್ಕಿದ್ದು ಮೆಂತ್ಯದ ಬೀಜ. ಮೈಕ್ರೋಗ್ರೀನ್ಸ್‌ನಲ್ಲಿ ಬೇರು, ಬೀಜ ತಿನ್ನದ ಕಾರಣ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಪ್ರತಿ ಬೆಳೆಯ ನಂತರ ಟ್ರೇ ತೊಳೆದು ಬಿಸಿಲಿಗೆ ಒಣಗಿಸಿ. ಕೈ ತೊಳೆಯದೆ ಮುಟ್ಟಬೇಡಿ. ಎಫ್‌ಎಸ್‌ಎಸ್‌ಎಐ ನೋಂದಣಿಯ ಬಗ್ಗೆ ವಿಚಾರಿಸಿ ಮಾಡಿಸಿಕೊಂಡರೆ ಅಂಗಡಿಯವರೂ ಧೈರ್ಯದಿಂದ ಡಬ್ಬಿ ಇಟ್ಟುಕೊಳ್ಳುತ್ತಾರೆ.

ಮಾತಿನಲ್ಲೂ ಅಮಾನತ್ ಬೇಕು. ದೊಡ್ಡ ಎಲೆಗಿಂತ 40 ಪಟ್ಟು ಪೋಷಕಾಂಶ ಎಂದು ಎಲ್ಲರೂ ಹೇಳುತ್ತಾರೆ. ಇದರ ಮೂಲ 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. 25 ಬಗೆಯ ಎಳೆ ಸೊಪ್ಪನ್ನು ಪರೀಕ್ಷಿಸಿದಾಗ ಕೆಲವದರಲ್ಲಿ ಕೆಲವು ವಿಟಮಿನ್‌ಗಳು ಅಷ್ಟು ಹೆಚ್ಚು ಕಂಡವು. ಎಲ್ಲ ಸೊಪ್ಪಿನಲ್ಲಿ ಎಲ್ಲವೂ 40 ಪಟ್ಟು ಅಲ್ಲ. ಅಲ್ಲದೆ ಒಂದು ಹಿಡಿ ಎಳೆ ಸೊಪ್ಪು ಒಂದು ಕಟ್ಟು ಮೆಂತ್ಯ ಸೊಪ್ಪಿನ ಪಲ್ಯಕ್ಕೆ ಸಮ ಆಗುವುದಿಲ್ಲ. ಶುಗರ್ ಇರುವವರಿಗೆ ಇದೇ ಮದ್ದು, ಮಾತ್ರೆ ಬಿಡಿ ಎಂದು ಹೇಳಿ ಮಾರುವುದು ಪಾಪ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವಿಟಮಿನ್ ಕೆ ಹೆಚ್ಚಿರುವ ಇಂಥ ಸೊಪ್ಪನ್ನು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಇದನ್ನು ಗಿರಾಕಿಗೆ ಹೇಳಿದ್ದರಿಂದ ನಮಗೆ ಒಂದು ಮನೆಯ ಆರ್ಡರ್ ಹೋಯಿತು. ಆ ಮನೆಯವರೇ ಎರಡು ಹೊಸ ಮನೆಗಳನ್ನು ಕಳುಹಿಸಿಕೊಟ್ಟರು.

ಜಮಾಅತ್‌ಗಳಿಗೆ ಒಂದು ಮಾತು

ಆ ತಾಯಿ ಪಂಪು, ದೀಪ ಸಿಕ್ಕಿದ ಬೆಲೆಗೆ ಮಾರಿದರು. ಸ್ಟ್ಯಾಂಡಿನಲ್ಲಿ ಈಗ ಮಕ್ಕಳ ಪುಸ್ತಕ, ಅದರ ಪಕ್ಕದಲ್ಲಿ ಆರು ಟ್ರೇ. ಒಂದು ಬಳೆ ಬಿಡಿಸಿಕೊಂಡರು. ಅದಕ್ಕೆ ಬೇಕಾದ ಹಣವನ್ನು ಜಮಾಅತಿನ ನಾಲ್ಕು ಮಂದಿ ಸೇರಿ ಬಡ್ಡಿಯಿಲ್ಲದ ಕೈಸಾಲವಾಗಿ ಕೊಟ್ಟರು, ತಿಂಗಳಿಗೆ 500ರಂತೆ ವಾಪಸಾಗುತ್ತಿದೆ. ಇನ್ನೊಂದು ಬಳೆ ಇನ್ನೂ ಅಂಗಡಿಯಲ್ಲೇ ಇದೆ.

ನಮ್ಮ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಹಲಾಲ್ ಸಂಪಾದನೆ ಮಾಡಬೇಕೆಂಬ ಆಸೆ ಒಳ್ಳೆಯದು. ಆ ಆಸೆಯನ್ನೇ ಬಲೆಯಾಗಿ ಬೀಸುವವರು ಇದ್ದಾರೆ. ಇವತ್ತು ಮೈಕ್ರೋಗ್ರೀನ್ಸ್, ನಾಳೆ ಅಣಬೆ, ನಾಡಿದ್ದು ಅಗರಬತ್ತಿ ಯಂತ್ರ. ಬೆಳೆದದ್ದನ್ನು ನಾವೇ ಕೊಳ್ಳುತ್ತೇವೆ ಎಂದು ಮೊದಲು ಹಣ ಕೇಳುವವರಿಂದ ದೂರವಿರಿ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕೆ ಇಲಾಖೆಯಿದೆ. ಹಣ ಕೊಡುವ ಮೊದಲು ಅಲ್ಲಿ ಹೋಗಿ ಕೇಳಿ.

ಪ್ರತಿ ಜಮಾಅತಿನಲ್ಲಿ ಮನೆಗೆ ಎರಡು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲ ಕೊಡುವ ಒಂದು ಸಣ್ಣ ನಿಧಿ ಇದ್ದರೆ, ಎಷ್ಟೋ ಬಳೆಗಳು ಕೈಯಲ್ಲೇ ಉಳಿಯುತ್ತವೆ. ಜುಮಾ ದಿನದ ಪೆಟ್ಟಿಗೆಯಿಂದಲೇ ಇದು ಸಾಧ್ಯ. ಎರಡು ಟ್ರೇ, ಐದು ಗಿರಾಕಿ, ಒಂದು ಲೆಕ್ಕ ಪುಸ್ತಕ. ಇಷ್ಟರಿಂದ ಶುರು ಮಾಡಿ. ಐದು ಹತ್ತಾದಾಗ ಮೂರನೇ ಟ್ರೇ ಇಡಿ. ಸಾಲವಿಲ್ಲದ ಸಣ್ಣ ದುಡಿಮೆಯಲ್ಲಿ ಅಲ್ಲಾಹನು ಬರ್ಕತ್ ಇಡಲಿ, ಆಮೀನ್.